ವಾಪಸು ಬಂದ ರೆಕಾರ್ಡು

1979ರಲ್ಲಿ ಸ್ಪೇನಿನ ರೆಕಾರ್ಡು ಅಂಗಡಿಗಳಲ್ಲಿ ವಿಚಿತ್ರವೊಂದು ನಡೆಯಿತೆಂದು ಅಲ್ಲಿನ ರಸಿಕರು ಇಂದಿಗೂ ಹೇಳುತ್ತಾರೆ. ತಮ್ಮ ಮೆಚ್ಚಿನ ಹಾಡುಗಾರನ ಹೊಸ ರೆಕಾರ್ಡು ಕೊಂಡ ಜಿಪ್ಸಿಗಳು ಮರುದಿನವೇ ಅದನ್ನು ಹಿಂದಕ್ಕೆ ತಂದು, ಇದು ನಮ್ಮ ಕಮರೋನ್ ಹಾಡಿದ್ದೇ ಅಲ್ಲ ಎಂದು ಜಗಳ ತೆಗೆದರಂತೆ!

ಹಾಡಿದ್ದು ಕಮರೋನನೇ. ನಿಜ ಹೆಸರು ಹೋಸೆ ಮೊಂಹೆ ಕ್ರೂಸ್. ಜನನ 1950ರಲ್ಲಿ, ಕಾದಿಸ್ ಬಳಿಯ ಸಾನ್ ಫೆರ್ನಾಂದೊ ಊರಿನ ಜಿಪ್ಸಿ ಕಮ್ಮಾರನ ಮನೆಯಲ್ಲಿ. ಬಿಳಿಚಿಕೊಂಡ ಮೈಬಣ್ಣ ನೋಡಿ ಮನೆಯವರು ಇಟ್ಟ ಅಡ್ಡಹೆಸರು ಕಮರೋನ್, ಅಂದರೆ ಸಿಗಡಿ. ಅದೇ ಕೊನೆಗೆ ದೇಶಕ್ಕೆಲ್ಲ ಪರಿಚಿತವಾಯಿತು.

ದಕ್ಷಿಣ ಸ್ಪೇನಿನ ಆಂದಲೂಸಿಯಾದಲ್ಲಿ ಬೆಳೆದ ಫ್ಲಮೆಂಕೊ, ಎದೆ ಬಿರಿಯುವಂಥ ಹಾಡುಗಾರಿಕೆ. ಗಿಟಾರು, ಚಪ್ಪಾಳೆ, ಕೊರಳು ಇಷ್ಟೇ ಅದರ ಬಂಡವಾಳ. ಅದರ ಬುಲೇರಿಯ ಎಂಬ ಪ್ರಕಾರದಲ್ಲಿ ಹನ್ನೆರಡು ಎಣಿಕೆಗೆ ಒಂದು ಆವರ್ತ. ನಮ್ಮ ತಾಳ ಬಲ್ಲವರಿಗೆ ಇದು ಅಷ್ಟೇನೂ ಹೊರಗಿನದೆನಿಸದು. ಈ ಹಾಡನ್ನು ಮನೆಮನೆಯಲ್ಲಿ ಉಳಿಸಿಕೊಂಡು ಬಂದ ಜಿಪ್ಸಿಗಳ ಪೂರ್ವಜರು ಶತಮಾನಗಳ ಹಿಂದೆ ಭಾರತದಿಂದಲೇ ಹೊರಟವರೆಂದು ಭಾಷಾತಜ್ಞರು ತೋರಿಸಿಕೊಟ್ಟಿದ್ದಾರೆ.

1969ರಿಂದ 1977ರವರೆಗೆ ಕಮರೋನ್, ಗಿಟಾರು ವಾದಕ ಪಾಕೊ ದೆ ಲೂಸಿಯಾ ಜತೆ ಒಂಬತ್ತು ರೆಕಾರ್ಡು ಮಾಡಿದ. ಸಂಪ್ರದಾಯಸ್ಥರೂ ತಲೆದೂಗಿದರು. ಅಲ್ಲಿಗೇ ನಿಂತಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ.

ಆದರೆ ನಿರ್ಮಾಪಕ ರಿಕಾರ್ದೊ ಪಚೋನ್ ಜತೆಗೂಡಿ ಆತ ತಂದ 'ಲಾ ಲೆಯೆಂದಾ ದೆಲ್ ತಿಯೆಂಪೊ' ('ಕಾಲದ ಐತಿಹ್ಯ') ಎಲ್ಲವನ್ನೂ ಕಲಕಿಬಿಟ್ಟಿತು. ಎಲೆಕ್ಟ್ರಿಕ್ ಬಾಸ್, ಕೀಬೋರ್ಡು, ಡ್ರಮ್ಸ್, ಕೊಳಲು. ಜಾಝ್ ಮತ್ತು ರಾಕ್‌ನ ಗತ್ತು. ಸಾಹಿತ್ಯವೋ, ಹೆಚ್ಚಿನದು 1936ರಲ್ಲಿ ಗುಂಡಿಗೆ ಬಲಿಯಾದ ಕವಿ ಲೋರ್ಕಾನದು. ಒಂದು ಲಾಲಿಹಾಡಿಗಂತೂ ಸಿತಾರ್! ವಲಸೆ ಹೋದವರ ಹಾಡಿಗೆ ಹಳೆಯ ನಾಡಿನ ವಾದ್ಯ ಬಂದು ಸೇರಿದ್ದು ಹೀಗೆ. ಆದರೂ ಗೋಜಲಾಗಲಿಲ್ಲ, ಏಕೆಂದರೆ ಸುತ್ತಲಿನ ವಾದ್ಯಗಳೆಲ್ಲ ಬದಲಾದರೂ ಕೊರಳು ಹಳೆಯ ಜಿಪ್ಸಿ ಕೊರಳಾಗಿಯೇ ಉಳಿಯಿತು. ಕೊಳ್ಳುವವರಿಗೆ ಇದು ಹೊಳೆಯಲಿಲ್ಲ. ರೆಕಾರ್ಡು ನೆಲಕಚ್ಚಿತು.

ಜಿಪ್ಸಿಗಳ ಸಿಟ್ಟನ್ನು ಬರೀ ಮೊಂಡುತನವೆಂದು ತಳ್ಳಿಹಾಕುವುದೂ ಸರಿಯಲ್ಲ. ಭೂಮಿ, ಅಧಿಕಾರ ಯಾವುದೂ ಇಲ್ಲದ ಜನಕ್ಕೆ ತಮ್ಮದೆನ್ನಲು ಇದ್ದದ್ದು ಈ ಹಾಡು. ಅದೂ ಕೈಜಾರುತ್ತಿದೆ ಎಂದರೆ ಅಂಜಿಕೆಯಾಗದೆ ಇದ್ದೀತೆ?

ಹತ್ತು ವರ್ಷಗಳ ನಂತರ, 1989ರಲ್ಲಿ, ಲಂಡನ್ನಿನ ರಾಯಲ್ ಫಿಲ್ಹಾರ್ಮೊನಿಕ್ ವಾದ್ಯವೃಂದದೊಡನೆ ಆತ 'ಸೋಯ್ ಹಿತಾನೊ' ತಂದ. 'ನಾನು ಜಿಪ್ಸಿ' ಎಂದು ಅದರರ್ಥ. ಈ ಸಲ ಜನ ಮುಗಿಬಿದ್ದು ಕೊಂಡರು. 1992ರ ಜುಲೈ 2ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಾಗ ಆತನಿಗೆ ಬರೀ 41 ವರ್ಷ. ಅಂತ್ಯಕ್ರಿಯೆಗೆ ಸಾನ್ ಫೆರ್ನಾಂದೊದ ಬೀದಿಗಳು ಕಿಕ್ಕಿರಿದವು.

ಒಮ್ಮೆ ವಾಪಸು ಬಂದ ಆ ರೆಕಾರ್ಡೇ ಇಂದು ಫ್ಲಮೆಂಕೊ ಇತಿಹಾಸದ ಮೈಲಿಗಲ್ಲು. 1996ರಲ್ಲಿ ಗ್ರನಾದಾದ ಎನ್ರಿಕೆ ಮೊರೆಂತೆ ರಾಕ್ ತಂಡವೊಂದರ ಜತೆ 'ಒಮೇಗಾ' ತಂದದ್ದು ಇದೇ ಹಾದಿಯಲ್ಲಿ. 2018ರಲ್ಲಿ 'ಎಲ್ ಮಾಲ್ ಕೆರೇರ್' ಮೂಲಕ ಫ್ಲಮೆಂಕೊವನ್ನು ಪಾಪ್‌ಗೆ ಬೆರೆಸಿದ ಕತಲೋನಿಯಾದ ರೊಸಾಲಿಯಾ, ತನಗೆ ಈ ಹುಚ್ಚು ಹಿಡಿಸಿದ್ದು ಕಮರೋನನ ದನಿಯೇ ಎಂದಿದ್ದಾಳೆ. ಆಕೆ ಜಿಪ್ಸಿಯಲ್ಲ. ಹಾಗಾಗಿ ಆಕೆಯ ಮೇಲೂ ಜಿಪ್ಸಿಗಳಲ್ಲಿ ಕೆಲವರು ತಕರಾರು ತೆಗೆದರು.