ಕೆಂಪು ಸೀರೆ ಕಪ್ಪಾದ ಬಗೆ

ಕಮಲನಗರ ಸೇರಿದಂತೆ ಬೀದರ ಸೀಮೆ 1948ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದವರು ರಾಜಾ ದೀನ್ ದಯಾಳ್. ಪರದೆಯಲ್ಲಿದ್ದ ಸ್ತ್ರೀಯರಿಗಾಗಿ ಅವರು 1892ರಲ್ಲಿ ಹೈದರಾಬಾದಿನಲ್ಲಿ ಪ್ರತ್ಯೇಕ ಸ್ಟುಡಿಯೊ ತೆರೆದರು. ಅದನ್ನು ನಡೆಸಿದವರೂ ಮಹಿಳೆಯೇ.

ಆಗ ಭಾವಚಿತ್ರಕ್ಕೆ ಅಣಿಯಾಗುವವರು ಉಡುಪಿನ ಬಣ್ಣವನ್ನೂ ಯೋಚಿಸಬೇಕಿತ್ತು. ಅಂದಿನ ಗಾಜಿನ ಫಲಕದಲ್ಲಿ ನೀಲಿ ಬೆಳಕು ಚೆನ್ನಾಗಿ ದಾಖಲಾಗುತ್ತಿತ್ತು, ಕೆಂಪು ಬಹುತೇಕ ದಾಖಲಾಗುತ್ತಿರಲಿಲ್ಲ. ಆದ್ದರಿಂದ ತಿಳಿನೀಲಿ ಬಟ್ಟೆ ಬೆಳ್ಳಗೆ, ಕೆಂಪು ಸೀರೆ ಕಪ್ಪಗೆ ಮೂಡುತ್ತಿತ್ತು. ಹಣೆಯ ಕುಂಕುಮವೂ ಕಪ್ಪು ಚುಕ್ಕೆಯಾಗುತ್ತಿತ್ತು. ಬೆಳಕು ಕಡಿಮೆಯಿದ್ದರೆ ಕೆಲವು ಕ್ಷಣ ಅಲುಗದೆ ಕೂರಬೇಕು; ಅಷ್ಟು ಹೊತ್ತು ನಗು ಹಿಡಿದಿಡುವುದು ಕಷ್ಟ.

ನಿಮ್ಮ ಮನೆಯಲ್ಲಿ ಅಷ್ಟು ಹಳೆಯ ಚಿತ್ರವಿದ್ದರೆ, ಅದರಲ್ಲಿರುವ ಮುತ್ತಜ್ಜಿ ಕಪ್ಪು ಸೀರೆಯುಟ್ಟು ಮುನಿದು ಕುಳಿತಿದ್ದರೆಂದು ತೀರ್ಮಾನಿಸಬೇಡಿ. ಹಬ್ಬದ ಕೆಂಪು ಸೀರೆಯಲ್ಲಿ ಸಂತೋಷದಿಂದಲೇ ಕುಳಿತಿರಬಹುದು.