ಸಾಕವ್ವನ ಹಿಂದೆ ನಿಂತವರು



ಅಟ್ಟೂರಲ್ಲಿ ರಂಗತಂಡ ಕಟ್ಟೋಕೆ ಹೊರಟಿರೋ ತಮ್ಮಂದಿರು, ತಂಗಿಯರು "ಹಳಬರಿಗೆ ಸನ್ಮಾನ ಮಾಡ್ಬೇಕು, ಯಾರನ್ನ ಕರೆಯೋಣ?" ಅಂತ ಕೇಳಿದ್ರು. ಅದಕ್ಕೆ ಈ ಚರಿತ್ರೆ.

1975ರಲ್ಲಿ ಪ್ರಸನ್ನ ಮತ್ತು ಗೆಳೆಯರು ಬೆಂಗಳೂರಲ್ಲಿ 'ಸಮುದಾಯ' ಕಟ್ಟಿದರು. ಎರಡು ವರ್ಷಕ್ಕೆ, 1977ರ ಮೇ ತಿಂಗಳಲ್ಲಿ, ಬಿಹಾರದ ಬೆಲ್ಚಿಯಲ್ಲಿ 11 ಜನರನ್ನ ಕೊಂದು ಸುಟ್ಟರು. ಅವರಲ್ಲಿ 8 ಜನ ದಲಿತರು. ಆ ಬೆಂಕಿಯನ್ನ ಕರ್ನಾಟಕದ ಬೀದಿ ಬೀದಿಗೆ ತಂದು ತೋರಿಸಿದ್ದು ಸಿಜಿಕೆ ನಿರ್ದೇಶನದ 'ಬೆಲ್ಚಿ' ಬೀದಿನಾಟಕ. ಪರದೆ ಇಲ್ಲ, ಟಿಕೆಟ್ ಇಲ್ಲ. ಪೇಪರ್ ಓದೋಕೆ ಬಾರದವರಿಗೂ ಸುದ್ದಿ ಮುಟ್ಟಿತು.

ಅದೇ ಸಿಜಿಕೆ ದೇವನೂರ ಮಹಾದೇವರ 'ಒಡಲಾಳ'ವನ್ನ ರಂಗಕ್ಕೆ ತಂದಾಗ ಸಾಕವ್ವ ಆದವರು ಉಮಾಶ್ರೀ. ಕಳೆದುಹೋದ ಹುಂಜ ಹುಡುಕೋ ನಮ್ಮ ಕೇರಿ ಅಜ್ಜಿ! ಮುಂದೆ 'ಗುಲಾಬಿ ಟಾಕೀಸ್'ಗೆ ರಾಷ್ಟ್ರಪ್ರಶಸ್ತಿ, 2013ರ ಸಿದ್ದರಾಮಯ್ಯ ಸರ್ಕಾರದಲ್ಲಿ ಸಚಿವೆ, ಅದೂ ಕನ್ನಡ ಮತ್ತು ಸಂಸ್ಕೃತಿ ಖಾತೆಗೆ. (ಅವರಿಗೆ ಸಿಕ್ಕ ದೊಡ್ಡ ಪದವಿ ಸಾಕವ್ವನೇ ಅಂತೀನಿ ನಾನು.)

ಹೆಮ್ಮೆನೇ. ಆದ್ರೆ ಬೀದಿನಾಟಕ ಬರೀ ನಟರಿಂದ ನಡೆಯಲ್ಲ. ತಮಟೆ ಬಡಿದು ಜನ ಸೇರಿಸಿದವರು, ತಂಡಕ್ಕೆ ಅನ್ನ ಹಾಕಿದ ಅವ್ವಂದಿರು, ಗಲಾಟೆ ಆಗದ ಹಾಗೆ ಸುತ್ತ ಕೈ ಹಿಡಿದು ನಿಂತವರು, ಇವರಿಗೆ ಶಾಲು ಹೊದಿಸಿದ್ದು ಯಾರು?

ತಮ್ಮಂದಿರೇ, ತಂಗಿಯರೇ, ಪಟ್ಟಿ ಅಲ್ಲಿಂದ ಶುರು ಮಾಡಿ. ಉಳಿದವರು, ನಿಮ್ಮೂರಲ್ಲಿ ಅಂಥವರಿದ್ದರೆ ಹೆಸರು ಕೆಳಗೆ ಬರೀರಿ.