ದೇವರ ಮೀನು, ಗೂನುಬೆನ್ನಿನ ಮೀನು

ಕಳೆದ ವಾರ ಕೆನಡಾದಲ್ಲಿರುವ ಅಕ್ಕನ ಮಗ ಗಾಳ ಹಾಕಿ ಹಿಡಿದ ಮೀನಿನ ಫೋಟೋ ಕಳಿಸಿ, "ಚಿಕ್ಕಮ್ಮ, ಇದು ಎಂತ ಮೀನು?" ಅಂತ ಕೇಳಿದ. ದೊಡ್ಡ ದೊಡ್ಡ ಹುರುಪೆ, ಬಾಯಿ ಹತ್ತಿರ ಮೀಸೆ. ಗ್ರೂಪಿನಲ್ಲಿ ಒಬ್ಬಳು ರೋಹು ಅಂದಳು, ಇನ್ನೊಬ್ಬಳು ಕಾಟ್ಲ. ಬಂಗುಡೆ, ಬೂತಾಯಿ, ಕಾಣೆ ಆದರೆ ನಾವು ಕಣ್ಣು ಮುಚ್ಚಿ ಹೇಳ್ತೇವೆ. ಹೊಳೆ ಮೀನು ಬಂದರೆ ಮಾತ್ರ ಸಮಾ ಗಲಿಬಿಲಿ. ಗೆಂಡೆ ಜಾತಿ ಇರಬಹುದು ಅಂತ ನಾನು ಬರೆದೆ.

ಪರವೂರಿಗೆ ಬಂದು ಗಾಳ ಹಾಕಿದವರು ನಮ್ಮ ಕಡೆಯೂ ಇದ್ದರು. ಬ್ರಿಟಿಷ್ ಅಧಿಕಾರಿ ಎಚ್. ಎಸ್. ಥಾಮಸ್ ಅವರು ಬರೆದ 'ದಿ ರಾಡ್ ಇನ್ ಇಂಡಿಯಾ' ಪುಸ್ತಕ 1873ರಲ್ಲಿ ಹೊರಗೆ ಬಂದದ್ದು ನಮ್ಮ ಮಂಗಳೂರಿನಿಂದಲೇ, ಬಾಸೆಲ್ ಮಿಷನ್‌ನವರ ಮೂಲಕ. ಅದರಲ್ಲಿ ಮಹಶೀರ್ ಮೀನಿನದ್ದೇ ದೊಡ್ಡ ಕಥೆ.

ಮಹಶೀರ್ ಕೂಡ ಗೆಂಡೆಯ ಕುಟುಂಬದ್ದೇ. ಎರಡು ಜೊತೆ ಮೀಸೆ ಉಂಟು. ದವಡೆಯಲ್ಲಿ ಹಲ್ಲಿಲ್ಲ, ಗಂಟಲೊಳಗೆ ಉಂಟು. ಕಾವೇರಿಯಲ್ಲಿ ಬೆನ್ನು ಗೂನು ಇರುವ ಒಂದು ಜಾತಿ ಉಂಟು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ ಸುಮಾರು 54 ಕಿಲೋ. ಒಂದು ಮುಡಿ ಅಕ್ಕಿಗಿಂತ ಭಾರ ಮಾರಾಯ್ತಿ!

ಇಷ್ಟು ದೊಡ್ಡ ಮೀನಿಗೆ ವಿಜ್ಞಾನದ ಸರಿಯಾದ ಹೆಸರು ಗಟ್ಟಿಯಾದದ್ದು 2018ರಲ್ಲಿ. ಕೇರಳದ ಪಾಂಬಾರ್ ಹೊಳೆಯ ನೀರೂ ಕಾವೇರಿಗೇ ಸೇರುವುದು. ಅಲ್ಲಿ ಸಿಕ್ಕಿದ 'ಟಾರ್ ರೆಮಾದೇವಿ' ಎಂಬ ಮೀನೂ ಈ ಗೂನುಬೆನ್ನಿನದ್ದೂ ಒಂದೇ ಅಂತ ಆಗ ತಿಳಿಯಿತು. ಮೀನಿನ ತಜ್ಞೆ ಕೆ. ರೆಮಾದೇವಿ ಅವರ ಹೆಸರದು. ಹೆಂಗಸಿನ ಹೆಸರು ಅಂತ ಓದಿ ನನಗೆ ಖುಷಿಯಾಯ್ತು. ಆದರೆ ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೂ ಸೇರಿತು.

ನಡುವೆ ಎಂತಾಯ್ತು ಗೊತ್ತುಂಟಾ? ಮಹಶೀರ್ ಕಡಿಮೆಯಾಗ್ತಾ ಉಂಟು ಅಂತ, ಲೋನಾವಳದಲ್ಲಿ ಮರಿ ಮಾಡಿಸಿದ ನೀಲಿ ರೆಕ್ಕೆಯ ಜಾತಿಯನ್ನು ಕಾವೇರಿಗೆ ಬಿಟ್ಟರು. ಬಿಟ್ಟದ್ದು ಒಳ್ಳೆ ಮನಸ್ಸಿಂದಲೇ. ಆದರೆ ಅದು ಬೇರೆ ಜಾತಿ. ಎಲ್ಲದಕ್ಕೂ ಮಹಶೀರ್ ಅಂತ ಒಂದೇ ಹೆಸರು ಹೇಳಿದರೆ, ಹೊಳೆ ತುಂಬ ಮೀನು ಉಂಟು ಅಂತಲೇ ಕಾಣುವುದು. ಹಳೆಯದು ಹೋಗ್ತಾ ಇರುವುದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ನಮ್ಮ ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ನೋಡಿ. ಕಪಿಲಾ ಹೊಳೆಯ ಮಹಶೀರ್ ಅಲ್ಲಿ ದೇವರ ಮೀನು, ತುಳುವಿನಲ್ಲಿ ಪೆರುವೊಲು. ಯಾರೂ ಹಿಡಿಯುವುದಿಲ್ಲ, ಹೋದವರು ಅಕ್ಕಿ, ಹೊದಳು ಹಾಕಿ ಕೈ ಮುಗಿಯುವುದು. 1996ರಲ್ಲಿ ಹೊಳೆಗೆ ವಿಷ ಬಿದ್ದು ಮೀನುಗಳು ರಾಶಿ ರಾಶಿ ಸತ್ತಾಗ ಅವುಗಳಿಗೊಂದು ಸ್ಮಾರಕವೇ ಆಯ್ತು. ಹೆಸರಿಟ್ಟು ಸಾಕಿದ ಮೀನಿಗೆ ಅಳುವವರು ಇದ್ದರು. ಕಾವೇರಿಯ ಗೂನುಬೆನ್ನಿನದಕ್ಕೆ ಹೆಸರು ಸಿಗುವಾಗಲೇ ತಡವಾಗಿತ್ತು.

ಅದಕ್ಕೇ ಹುಡುಗನಿಗೆ ಬರೆದೆ: "ಮೀಸೆ ಎಷ್ಟು, ಹುರುಪೆ ಹೇಗೆ, ಯಾವ ಹೊಳೆ, ಎಲ್ಲ ಬರೆದಿಡು ಮಗಾ. ಅಲ್ಲಿಯ ಹಳಬರ ಹತ್ರವೂ ಹೆಸರು ಕೇಳು."